ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗೆ: ಸಣ್ಣ ಭಾಷೆಗೊಂದು ಟಿವಿ ವಾಹಿನಿ ಕೊಡುವುದೆಂದರೆ

(ಉಪನ್ಯಾಸದ ಬರಹ ರೂಪ)

1990ರ ಬ್ರಿಟಿಷ್ ಪ್ರಸಾರ ಕಾಯ್ದೆ, ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಎಸ್4ಸಿ ಎಂಬ ಟಿವಿ ವಾಹಿನಿಗೆ ಒಂದು ಕಟ್ಟುಪಾಡು ಹಾಕಿತ್ತು. ಒಟ್ಟು ಪ್ರಸಾರದ ಗಣನೀಯ ಭಾಗ ಅಲ್ಲಿನ ವೆಲ್ಷ್ ಭಾಷೆಯಲ್ಲಿರಬೇಕು, ಸಂಜೆ 6.30ರಿಂದ ರಾತ್ರಿ 10ರವರೆಗೆ ಬರುವುದು ಮುಖ್ಯವಾಗಿ ವೆಲ್ಷ್ ಕಾರ್ಯಕ್ರಮಗಳೇ ಆಗಿರಬೇಕು. ಇದರ ಮೊದಲರ್ಧವನ್ನು ಯಾವ ಸರ್ಕಾರ ಬೇಕಾದರೂ ಬರೆದೀತು. ಎರಡನೆಯ ಅರ್ಧ ಬರೆದವರಿಗೆ ಟಿವಿ ಎಂದರೇನು ಅಂತ ಗೊತ್ತಿತ್ತು. ಮನೆಮಂದಿಯೆಲ್ಲ ಕೂತು ನೋಡುವ ಹೊತ್ತನ್ನು ಗಡಿಯಾರದ ಲೆಕ್ಕದಲ್ಲೇ ಕಾನೂನಿಗೆ ಸೇರಿಸಿಬಿಟ್ಟರು. ಯಾಕೆಂದರೆ ಎಸ್4ಸಿ ಹುಟ್ಟುವ ಮೊದಲು ವೆಲ್ಷ್ ಕಾರ್ಯಕ್ರಮಗಳಲ್ಲಿ ಬಹಳಷ್ಟು ಬರುತ್ತಿದ್ದದ್ದು ಜನ ಕೆಲಸದಲ್ಲಿರುವ ಹೊತ್ತಿನಲ್ಲಿ, ಇಲ್ಲವೇ ಎಲ್ಲರೂ ಮಲಗಿದ ಮೇಲೆ.

ಸಣ್ಣ ಭಾಷೆಗಳ ಪ್ರಸಾರದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಅಸ್ಮಿತೆ, ಹಕ್ಕು, ಸಂಸ್ಕೃತಿ ಎಂಬ ಪದಗಳಿಂದ ಶುರು ಮಾಡುತ್ತೇವೆ. ವಾಹಿನಿಯನ್ನು ಗಿಟ್ಟಿಸಿಕೊಳ್ಳುವವರೆಗೆ ಆ ಪದಗಳು ಬೇಕು. ಗಿಟ್ಟಿದ ಮೇಲೆ ಅದು ಬದುಕುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬೇರೆಯೇ ಸಂಗತಿಗಳು: ದುಡ್ಡಿನ ಸೂತ್ರ ಯಾವ ಕಾಯ್ದೆಯಲ್ಲಿದೆ, ಸಿಗ್ನಲ್ ಯಾವ ಮನೆಗೆ ತಲುಪುತ್ತದೆ, ರಿಮೋಟಿನಲ್ಲಿ ಎಷ್ಟನೇ ನಂಬರು, ವಾರಕ್ಕೆ ಎಷ್ಟು ಗಂಟೆ ಕಾರ್ಯಕ್ರಮವನ್ನು ಯಾರು ಮಾಡಿಕೊಡುತ್ತಾರೆ. ವೇಲ್ಸ್‌ನ ಕಥೆಯನ್ನು ಸ್ವಲ್ಪ ವಿವರವಾಗಿ, ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನದನ್ನು ಅದರ ಪಕ್ಕದಲ್ಲಿಟ್ಟು, ಈ ಮಾತನ್ನು ಬಿಡಿಸಿ ನೋಡೋಣ.

ಆಂಟೆನಾ ತಿರುಗಿಸಿಕೊಂಡವರು

ವೆಲ್ಷ್‌ಗೆ ಬೇರೆ ವಾಹಿನಿ ಬೇಕು ಎಂಬ ಬೇಡಿಕೆ ಬರುವ ಮೊದಲು ಎರಡು ಪ್ರಯೋಗ ಆಗಿಹೋಗಿದ್ದವು. ಮೊದಲನೆಯದು ಖಾಸಗಿ. 1962ರಲ್ಲಿ ಪಶ್ಚಿಮ ಮತ್ತು ಉತ್ತರ ವೇಲ್ಸ್‌ಗೆಂದೇ ಜಾಹೀರಾತಿನ ಆದಾಯದ ಮೇಲೆ ನಡೆಯುವ ಕಂಪನಿಯೊಂದು ಶುರುವಾಯಿತು. ಜನ ಅದನ್ನು ತೆಲೆಡಿ ಕಮ್ರಿ ಎಂದು ಕರೆಯುತ್ತಿದ್ದರು. ಗುಡ್ಡಗಾಡು, ಚದುರಿದ ಊರುಗಳು, ತಡವಾಗಿ ಎದ್ದ ಪ್ರಸಾರ ಗೋಪುರಗಳು. ನೋಡುಗರು ಕಡಿಮೆ ಇದ್ದದ್ದಕ್ಕೆ ಜಾಹೀರಾತು ಕಡಿಮೆ, ಅದು ಕಡಿಮೆಯಾದದ್ದಕ್ಕೆ ಕಾರ್ಯಕ್ರಮಕ್ಕೆ ಹಣವಿಲ್ಲ. ಎರಡು ವರ್ಷ ತುಂಬುವ ಮೊದಲೇ ದಕ್ಷಿಣದ ಕಂಪನಿ ಅದನ್ನು ನುಂಗಿಕೊಂಡಿತು.

ಎರಡನೆಯದು ಹಂಚಿಕೊಳ್ಳುವ ದಾರಿ. 1964ರ ಫೆಬ್ರವರಿಯಲ್ಲಿ ಬಿಬಿಸಿ ವೇಲ್ಸ್ ಟಿವಿ ಸೇವೆ ಆರಂಭವಾಯಿತು. ಇಂಗ್ಲಿಷ್ ಕಾರ್ಯಕ್ರಮಗಳ ನಡುವೆ ಜಾಗ ಮಾಡಿ ವೆಲ್ಷ್ ತುರುಕುವುದು ಅದರ ಕ್ರಮ. ಖಾಸಗಿ ಕಡೆ ಎಚ್‌ಟಿವಿಯದೂ ಅದೇ ಕ್ರಮ. ನೋಡುವುದಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ವೇಲ್ಸ್‌ನ ಐದರಲ್ಲಿ ನಾಲ್ಕು ಪಾಲು ಜನರಿಗೆ ವೆಲ್ಷ್ ಬರುತ್ತಿರಲಿಲ್ಲ. ಲಂಡನ್ನಿನ ಜನಪ್ರಿಯ ಕಾರ್ಯಕ್ರಮ ಬರಬೇಕಾದ ಹೊತ್ತಿಗೆ ತಮಗೆ ಅರ್ಥವಾಗದ ಭಾಷೆ ಬಂದರೆ ಅವರು ಏನು ಮಾಡುತ್ತಾರೆ? ಛಾವಣಿ ಹತ್ತಿ ಆಂಟೆನಾ ತಿರುಗಿಸಿದರು. ಆಗ್ನೇಯ ವೇಲ್ಸ್‌ನ ಮನೆಗಳು ಇಂಗ್ಲೆಂಡಿನ ಮೆಂಡಿಪ್ ಗೋಪುರದ ಕಡೆಗೆ, ಈಶಾನ್ಯದ ಮನೆಗಳು ಲ್ಯಾಂಕಾಶೈರಿನ ವಿಂಟರ್ ಹಿಲ್ ಕಡೆಗೆ. ಆ ಮನೆಗಳಿಗೆ ವೆಲ್ಷ್ ಭಾಷೆ ಮಾತ್ರವಲ್ಲ, ವೇಲ್ಸ್‌ನ ಸುದ್ದಿಯೂ ತಪ್ಪಿಹೋಯಿತು. ವೆಲ್ಷ್ ಮಾತಾಡುವವರಿಗೆ ಸಿಕ್ಕದ್ದು ಸಾಲದು, ಮಾತಾಡದವರಿಗೆ ಸಿಕ್ಕದ್ದೇ ಕಿರಿಕಿರಿ. ಹಂಚಿಕೆಯ ನೀತಿಯಲ್ಲಿ ಎದ್ದು ಕಾಣುವ ದೋಷ ಇದು: ಎರಡೂ ಕಡೆಯವರನ್ನು ಒಟ್ಟಿಗೇ ಅತೃಪ್ತರನ್ನಾಗಿ ಮಾಡುತ್ತದೆ.

ಹಾಗಾಗಿ ಬೇರೆ ವಾಹಿನಿಯ ಬೇಡಿಕೆಗೆ ಇಂಗ್ಲಿಷ್ ಮಾತ್ರ ಬಲ್ಲವರ ಬೆಂಬಲವೂ ಸಿಕ್ಕಿತು. ವೆಲ್ಷ್ ಎಲ್ಲವನ್ನೂ ಒಂದೇ ಕಡೆ ಹಾಕಿ, ನಮ್ಮ ವಾಹಿನಿಗಳನ್ನು ನಮಗೆ ಬಿಡಿ ಎಂಬ ಬೆಂಬಲ ಅದು. ಉದಾತ್ತವಲ್ಲದಿರಬಹುದು, ರಾಜಕೀಯವಾಗಿ ಮಾತ್ರ ತುಂಬ ಉಪಯೋಗಕ್ಕೆ ಬಂತು. 1974ರ ಕ್ರಾಫರ್ಡ್ ಸಮಿತಿ, 1975ರ ಸೈಬೆರಿ ವರದಿ, 1977ರ ಅನನ್ ಸಮಿತಿ ಒಂದರ ಹಿಂದೊಂದು ಅದೇ ಶಿಫಾರಸು ಮಾಡಿದವು: ಬ್ರಿಟನ್ನಿಗೆ ಬರಲಿರುವ ನಾಲ್ಕನೇ ವಾಹಿನಿಯನ್ನು ವೇಲ್ಸ್‌ನಲ್ಲಿ ವೆಲ್ಷ್‌ಗೆ ಕೊಡಿ. 1979ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷವೂ ಇದಕ್ಕೆ ಮಾತು ಕೊಟ್ಟಿತ್ತು.

ಗೆದ್ದು ನಾಲ್ಕು ತಿಂಗಳಾಗುವಷ್ಟರಲ್ಲಿ, 1979ರ ಸೆಪ್ಟೆಂಬರಿನಲ್ಲಿ, ಗೃಹಮಂತ್ರಿ ವಿಲಿಯಂ ವೈಟ್‌ಲಾ ಕೇಂಬ್ರಿಜ್‌ನಲ್ಲಿ ಮಾತಾಡುತ್ತಾ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಬೇರೆ ವಾಹಿನಿ ಇಲ್ಲ, ಇರುವ ವಾಹಿನಿಗಳಲ್ಲೇ ವೆಲ್ಷ್ ಗಂಟೆಗಳನ್ನು ಹೆಚ್ಚಿಸುತ್ತೇವೆ ಎಂದರು. ಅಂದರೆ ಸೋತ ಪ್ರಯೋಗವನ್ನೇ ದೊಡ್ಡದು ಮಾಡುವುದು. ಮುಂದಿನದು ಬಹಳ ಜನರಿಗೆ ಗೊತ್ತಿರುವ ಭಾಗ. ಅಕ್ಟೋಬರಿನಲ್ಲಿ ಮೂವರು ವಿದ್ವಾಂಸರು ಪೆನ್‌ಕಾರೆಗ್ ಪ್ರಸಾರ ಗೋಪುರದೊಳಗೆ ನುಗ್ಗಿ ಸಿಗ್ನಲ್ ಆರಿಸಿದರು. ಟಿವಿ ಇರುವ ಮನೆಗಳು ಕಟ್ಟಬೇಕಾದ, ಬಿಬಿಸಿಯನ್ನು ನಡೆಸುವ ಟಿವಿ ಲೈಸೆನ್ಸ್ ಶುಲ್ಕವನ್ನು ಕಟ್ಟುವುದಿಲ್ಲ ಎಂದು ಸುಮಾರು ಎರಡು ಸಾವಿರ ಜನ ಪ್ರತಿಜ್ಞೆ ಮಾಡಿದರು. 1980ರ ಮೇ ತಿಂಗಳಲ್ಲಿ ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷ ಪ್ಲೈಡ್ ಕಮ್ರಿಯ ನಾಯಕ ಗ್ವಿನ್ವೋರ್ ಎವನ್ಸ್, ಅಕ್ಟೋಬರ್ 6ರಿಂದ ಆಮರಣ ಉಪವಾಸ ಕೂರುವುದಾಗಿ ಘೋಷಿಸಿದರು. ಸೆಪ್ಟೆಂಬರಿನಲ್ಲಿ ವೇಲ್ಸ್‌ನ ಆರ್ಚ್‌ಬಿಷಪ್, ಮಾಜಿ ಮಂತ್ರಿ ಕ್ಲೆಡ್ವಿನ್ ಹ್ಯೂಸ್ ಮತ್ತು ಮಾಜಿ ಹಿರಿಯ ಅಧಿಕಾರಿ ಗೊರೊನ್ವಿ ಡೇನಿಯಲ್ ಈ ಮೂವರು ವೈಟ್‌ಲಾ ಅವರನ್ನು ಕಂಡು ಮಾತಾಡಿದರು. 17ರಂದು ಸರ್ಕಾರ ಮಣಿಯಿತು. ತಾನು ಹಿಂದೆ ತಿರುಗುವವಳಲ್ಲ ಎಂದು ಮಾರ್ಗರೆಟ್ ಥ್ಯಾಚರ್ ಮಾಡಿದ ಹೆಸರಾಂತ ಭಾಷಣ ಅದಾದ ಮುಂದಿನ ತಿಂಗಳಿನದು ಎಂಬುದನ್ನು ವೇಲ್ಸ್‌ನವರು ಈಗಲೂ ನೆನಪಿಸಿ ನಗುತ್ತಾರೆ.

ವಾರಕ್ಕೆ 22 ಗಂಟೆ ಎಲ್ಲಿಂದ ತರುವುದು

ಉಪವಾಸದ ಬೆದರಿಕೆಯ ಕಥೆ ಅಲ್ಲಿಗೆ ಮುಗಿಯಿತು. ಅದರ ನಂತರ ಕಾಯ್ದೆ ಬರೆದವರ ಕೆಲಸವನ್ನು ಯಾರೂ ಹೇಳುವುದಿಲ್ಲ. ನೀತಿಯ ದೃಷ್ಟಿಯಿಂದ ಕಲಿಯಬೇಕಾದ್ದು ಇರುವುದು ಅಲ್ಲೇ.

1982ರ ನವೆಂಬರ್ 1ರಂದು ಎಸ್4ಸಿ ಆರಂಭವಾಯಿತು, ಲಂಡನ್ನಿನ ಚಾನೆಲ್ 4ಗಿಂತ ಒಂದು ದಿನ ಮೊದಲು. ವಾರಕ್ಕೆ ಸುಮಾರು 22 ಗಂಟೆ ವೆಲ್ಷ್. ವರ್ಷಕ್ಕೆ ಲೆಕ್ಕ ಹಾಕಿದರೆ 1,100 ಗಂಟೆ ದಾಟುತ್ತದೆ. ಐದು ಲಕ್ಷ ಜನ ಮಾತಾಡುವ ಭಾಷೆಯಲ್ಲಿ ಇಷ್ಟು ಗಂಟೆ ಕಾರ್ಯಕ್ರಮ ಮಾಡಬಲ್ಲ ತಂತ್ರಜ್ಞರು, ನಟರು, ಬರಹಗಾರರು ಒಮ್ಮೆಲೇ ಸಿಗುವುದಿಲ್ಲ. ಇದಕ್ಕೆ ಮೂರು ಮೂಲಗಳನ್ನು ಹೊಂದಿಸಿದರು. ಬಿಬಿಸಿ ವಾರಕ್ಕೆ 10 ಗಂಟೆಯನ್ನು ಲೈಸೆನ್ಸ್ ಶುಲ್ಕದ ಹಣದಲ್ಲೇ ಮಾಡಿ ಪುಕ್ಕಟೆ ಕೊಡಬೇಕು. ಇದನ್ನು ಕಾನೂನಿನಲ್ಲೇ ಬರೆದರು. ಎಚ್‌ಟಿವಿ ಕಾಸು ಪಡೆದು ಒಂದಿಷ್ಟು ಕೊಡಬೇಕು. ಉಳಿದದ್ದು ಸ್ವತಂತ್ರ ನಿರ್ಮಾಪಕರಿಂದ. ಎಸ್4ಸಿಗೆ ತನ್ನದೇ ದೊಡ್ಡ ಸ್ಟುಡಿಯೋ ಕಾರ್ಖಾನೆ ಇರಲಿಲ್ಲ. ಅದು ಹೊರಗಿನವರಿಂದ ಕಾರ್ಯಕ್ರಮ ಮಾಡಿಸಿ ಕೊಳ್ಳುವ ಸಂಸ್ಥೆ.

ಬಿಬಿಸಿಯ 10 ಗಂಟೆ ಎಂದರೆ ವರ್ಷಕ್ಕೆ 520 ಗಂಟೆ, ಒಟ್ಟಿನಲ್ಲಿ ಅರ್ಧಕ್ಕೆ ಹತ್ತಿರ. ಅದರಲ್ಲಿ ಸುದ್ದಿ ಇತ್ತು, ಮತ್ತು 1974ರಿಂದಲೇ ಬಿಬಿಸಿ ಮಾಡುತ್ತಿದ್ದ 'ಪೊಬೊಲ್ ಅ ಕುಮ್' ಧಾರಾವಾಹಿಯೂ ಇತ್ತು. ಸುದ್ದಿ ಮತ್ತು ಧಾರಾವಾಹಿ, ಈ ಎರಡೂ ವಾಹಿನಿಯ ಬೆನ್ನುಮೂಳೆ; ಎರಡಕ್ಕೂ ದಿನದಿನದ ಖರ್ಚು. ಆ ಖರ್ಚು ವಾಹಿನಿಯ ಸ್ವಂತ ಬೊಕ್ಕಸಕ್ಕೆ ಬೀಳದಂತೆ ಮಾಡಿದ್ದರಿಂದ, ಉಳಿದ ಹಣ ನಾಟಕ, ಕಾರ್ಟೂನ್, ಕ್ರೀಡೆಗೆ ಒದಗಿತು. ಕರ್ನಾರ್ವನ್ ಸುತ್ತಮುತ್ತ ಸಣ್ಣ ನಿರ್ಮಾಣ ಕಂಪನಿಗಳು ಹುಟ್ಟಿಕೊಂಡವು. ರಾಜಧಾನಿ ಕಾರ್ಡಿಫ್‌ಗೆ ಹೋಗದೆ ತಮ್ಮೂರಲ್ಲೇ, ತಮ್ಮ ಭಾಷೆಯಲ್ಲೇ ಸಂಬಳ ತೆಗೆದುಕೊಳ್ಳುವ ಛಾಯಾಗ್ರಾಹಕರು, ಸಂಕಲನಕಾರರು ಬಂದರು. ಭಾಷಾನೀತಿಯವರು ಇದನ್ನು ಉಪಫಲ ಎಂದು ಬರೆಯುತ್ತಾರೆ. ನನಗಂತೂ ಇದೇ ಮುಖ್ಯಫಲ ಎನಿಸುತ್ತದೆ.

ವೆಲ್ಷ್ ಇಲ್ಲದ ಹೊತ್ತನ್ನು ತುಂಬಲು ಚಾನೆಲ್ 4ರ ಇಂಗ್ಲಿಷ್ ಕಾರ್ಯಕ್ರಮಗಳನ್ನು ಪುಕ್ಕಟೆ ಬಳಸಲು ಬಿಟ್ಟರು. ಇಲ್ಲಿ ತೊಡಕಿತ್ತು. ಸಂಜೆಯ ಹೊತ್ತು ವೆಲ್ಷ್‌ಗೆ ಮೀಸಲಾದ್ದರಿಂದ ಚಾನೆಲ್ 4ರ ಸಂಜೆಯ ಕಾರ್ಯಕ್ರಮ ವೇಲ್ಸ್‌ನಲ್ಲಿ ತಡರಾತ್ರಿಗೋ ಮರುದಿನಕ್ಕೋ ಹೋಗುತ್ತಿತ್ತು, ಕೆಲವು ಬರುತ್ತಲೇ ಇರಲಿಲ್ಲ. ಈ ದೂರು 2010ರ ಮಾರ್ಚ್ ಕೊನೆಯಲ್ಲಿ ವೇಲ್ಸ್‌ನ ಅನಲಾಗ್ ಪ್ರಸಾರ ನಿಲ್ಲುವವರೆಗೂ ನಡೆಯಿತು. ಡಿಜಿಟಲ್ ಬಂದ ಮೇಲೆ ಎರಡಕ್ಕೂ ಬೇರೆ ಬೇರೆ ಜಾಗ ಸಿಕ್ಕಿತು, ವೇಲ್ಸ್‌ನ ರಿಮೋಟಿನಲ್ಲಿ ನಾಲ್ಕನೇ ನಂಬರು ಎಸ್4ಸಿಗೇ ಉಳಿಯಿತು. ಆದರೆ ಅದರ ಬೆಲೆ ಕಡಿಮೆಯದಲ್ಲ. ಚಾನೆಲ್ 4 ನೋಡಲು ಬಂದು, ಮುಂದೇನು ಬರುತ್ತದೋ ಎಂದು ಕೂತು ವೆಲ್ಷ್ ಕಾರ್ಯಕ್ರಮವನ್ನೂ ನೋಡುತ್ತಿದ್ದ ದಾರಿಹೋಕ ಪ್ರೇಕ್ಷಕ ತಪ್ಪಿಹೋದ.

ಸೂತ್ರ ಬದಲಾದಾಗಲೆಲ್ಲ

ಹಣದ ವಿಷಯಕ್ಕೆ ಬರೋಣ. ಇದು ಒಣ ವಿಷಯ ಎಂದು ಹೋರಾಟಗಾರರು ಬಿಟ್ಟುಬಿಡುತ್ತಾರೆ, ಖಜಾನೆಯವರು ಬಿಡುವುದಿಲ್ಲ.

ಮೊದಲ ಹತ್ತು ವರ್ಷ ಖಾಸಗಿ ಐಟಿವಿ ಕಂಪನಿಗಳು ತಮ್ಮ ಆದಾಯದ ಪಾಲನ್ನು ಪ್ರಸಾರ ಪ್ರಾಧಿಕಾರಕ್ಕೆ ಕಟ್ಟುತ್ತಿದ್ದವು, ಅದರಿಂದ ಚಾನೆಲ್ 4, ಎಸ್4ಸಿ ಎಂಬ ನಾಲ್ಕನೇ ವಾಹಿನಿಗಳೆರಡಕ್ಕೂ ಹಣ ಹೋಗುತ್ತಿತ್ತು. ಬದಲಿಗೆ ಆ ವಾಹಿನಿಗಳಲ್ಲಿ ಜಾಹೀರಾತು ಮಾರುವ ಹಕ್ಕು ಅವರದು. 1990ರ ಕಾಯ್ದೆ ಇದನ್ನು ಶೇಕಡಾ ಲೆಕ್ಕಕ್ಕೆ ತಂದಿತು: 1993ರಿಂದ ಭೂ ಪ್ರಸಾರದ ಟಿವಿ ಜಾಹೀರಾತು ಆದಾಯದ 3.2%. ಜಾಹೀರಾತು ಮಾರುಕಟ್ಟೆ ಬೆಳೆದರೆ ವೆಲ್ಷ್ ಬೆಳೆಯುತ್ತದೆ, ಕುಗ್ಗಿದರೆ ಕುಗ್ಗುತ್ತದೆ. 1996ರ ಕಾಯ್ದೆ ಅದನ್ನು ಬಿಟ್ಟು ನಿಗದಿತ ಮೊತ್ತಕ್ಕೆ ಬಂದು, ಪ್ರತಿ ವರ್ಷ ಚಿಲ್ಲರೆ ಬೆಲೆ ಸೂಚ್ಯಂಕದಂತೆ ಏರಬೇಕು ಎಂದಿತು. ಈ ಸೂತ್ರದ ಬಲ ಏನೆಂದರೆ, ಕಡಿತ ಮಾಡಬೇಕಾದರೆ ಮಂತ್ರಿ ಸುಮ್ಮನೆ ಆದೇಶ ಹೊರಡಿಸಿದರೆ ಸಾಲದು, ಸಂಸತ್ತಿಗೆ ಹೋಗಿ ಕಾಯ್ದೆಯನ್ನೇ ತಿದ್ದಬೇಕು. ಹದಿನಾಲ್ಕು ವರ್ಷ ಇದು ತಡೆಗೋಡೆಯಾಗಿ ನಿಂತಿತು.

2010ರ ಅಕ್ಟೋಬರಿನ ವೆಚ್ಚ ಕಡಿತದಲ್ಲಿ ಗೋಡೆ ಬಿತ್ತು. ಆಗ ಎಸ್4ಸಿಗೆ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 10 ಕೋಟಿ ಪೌಂಡ್. ನಾಲ್ಕು ವರ್ಷದಲ್ಲಿ ಅದರ ಕಾಲು ಭಾಗಕ್ಕೆ ಹತ್ತಿರ ಕಡಿತ, ಮತ್ತು 2013ರಿಂದ ಬಹುಪಾಲು ಹಣ ಬಿಬಿಸಿಯ ಲೈಸೆನ್ಸ್ ಶುಲ್ಕದಿಂದ. 2011ರ ಸಾರ್ವಜನಿಕ ಸಂಸ್ಥೆಗಳ ಕಾಯ್ದೆ ಸೂಚ್ಯಂಕದ ಕೊಂಡಿಯನ್ನು ಕಳಚಿ, ಸಾಕಾಗುವಷ್ಟು ಹಣ ಒದಗಿಸಬೇಕು ಎಂಬ ಸಡಿಲ ಮಾತನ್ನು ಆ ಜಾಗದಲ್ಲಿಟ್ಟಿತು. ಸಾಕೋ ಸಾಲದೋ ಎಂದು ಹೇಳುವವರು ಕೊಡುವವರೇ. 2013-14ರಲ್ಲಿ ಲೈಸೆನ್ಸ್ ಶುಲ್ಕದಿಂದ 7.63 ಕೋಟಿ ಪೌಂಡ್, ಸರ್ಕಾರದಿಂದ ಸುಮಾರು 70 ಲಕ್ಷ. 2022ರ ಏಪ್ರಿಲಿನಿಂದ ಪೂರ್ತಿ ಲೈಸೆನ್ಸ್ ಶುಲ್ಕವೇ, ವರ್ಷಕ್ಕೆ 8.88 ಕೋಟಿ. ಹನ್ನೆರಡು ವರ್ಷದ ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಇದು 2010ರ ಮೊತ್ತದ ಹತ್ತಿರಕ್ಕೂ ಬರುವುದಿಲ್ಲ. ಹಣ ಕೊರತೆಯಾದಾಗ ಮೊದಲು ಕಾಣುವುದು ಮರುಪ್ರಸಾರ. ಪರದೆ ಖಾಲಿಯಾಗುವುದಿಲ್ಲ, ಗಂಟೆಗಳ ಲೆಕ್ಕ ತಪ್ಪುವುದಿಲ್ಲ, ಹಳೆಯದೇ ತಿರುಗಿ ತಿರುಗಿ ಬರುತ್ತದೆ.

ಕಡಿತಕ್ಕೆ ಮುಂಚಿನ ಒಂದು ಘಟನೆಯನ್ನು ಹೇಳಲೇಬೇಕು. 2010ರ ಮಾರ್ಚಿನಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು: ಮೂರು ವಾರದಲ್ಲಿ ಎಸ್4ಸಿಯ ಸುಮಾರು 890 ಕಾರ್ಯಕ್ರಮಗಳಲ್ಲಿ 196ಕ್ಕೆ ಪ್ರೇಕ್ಷಕರ ಸಂಖ್ಯೆ ಸೊನ್ನೆ. ಕೇಳಿದವರಿಗೆ ಇಷ್ಟೇ ಸಾಕಾಯಿತು. ಒಳಗಿನ ಲೆಕ್ಕ ಬೇರೆ ಇತ್ತು. ಬ್ರಿಟನ್ನಿನ ಟಿವಿ ಮಾಪನ ನಾಲ್ಕು ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಎಣಿಸುವುದೇ ಇಲ್ಲ. ಆ ಸೊನ್ನೆಗಳಲ್ಲಿ ಬಹುಪಾಲು ಅಂಗನವಾಡಿ ವಯಸ್ಸಿನ ಮಕ್ಕಳ ಕಾರ್ಯಕ್ರಮಗಳು. ಜೊತೆಗೆ ಮಾದರಿಯ ಸಮಸ್ಯೆ. ಇಡೀ ಬ್ರಿಟನ್ನಿಗೆ ಆಗ ಸುಮಾರು 5,100 ಮನೆಗಳಲ್ಲಿ ಮೀಟರು. ಜನಸಂಖ್ಯೆಯಂತೆ ಹಂಚಿದರೆ ವೇಲ್ಸ್‌ನ ಪಾಲು 240ರ ಆಸುಪಾಸು, ಅದರಲ್ಲಿ ವೆಲ್ಷ್ ಮಾತಿನ ಮನೆ ಐವತ್ತೂ ಇಲ್ಲ. ಒಂದು ಮನೆಯವರು ರಜೆಗೆ ಊರಿಗೆ ಹೋದರೆ ಸಂಖ್ಯೆ ಅಲುಗಾಡುತ್ತದೆ. ಹಾಗಾಗಿ ಸಣ್ಣ ಭಾಷೆಯ ವಾಹಿನಿ ಆರಂಭಿಸುವಾಗಲೇ ಆ ಭಾಷಿಕರ ಹೆಚ್ಚುವರಿ ಮಾದರಿಗೂ ಹಣ ಇಡಬೇಕು. ಇಲ್ಲದಿದ್ದರೆ ಮುಂದೊಂದು ದಿನ ಬಜೆಟ್ ಕತ್ತರಿಸುವವರ ಕೈಗೆ ಸೊನ್ನೆಗಳ ಪಟ್ಟಿ ಸಿಗುತ್ತದೆ.

ಐರ್ಲೆಂಡ್, ಸ್ಕಾಟ್ಲೆಂಡ್

ಐರ್ಲೆಂಡಿನಲ್ಲಿ ಐರಿಷ್ ಭಾಷೆಗೆ ಸಂವಿಧಾನವೇ ಪ್ರಥಮ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿದೆ. ಆದರೂ ಅದಕ್ಕೊಂದು ಟಿವಿ ವಾಹಿನಿ ಬಂದದ್ದು ವೇಲ್ಸ್‌ಗಿಂತ ಹದಿನಾಲ್ಕು ವರ್ಷ ತಡವಾಗಿ. ಸಂವಿಧಾನದ ಸ್ಥಾನಮಾನದಿಂದ ತನ್ನಷ್ಟಕ್ಕೇ ಪ್ರಸಾರ ಹುಟ್ಟುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. 1987ರಲ್ಲಿ ಐರ್ಲೆಂಡಿನ ಪಶ್ಚಿಮದ ಕೊನೆಮಾರಾ ಪ್ರದೇಶದ ರೋಸ್ ಮುಕ್‌ನಲ್ಲಿ ಹೋರಾಟಗಾರರು ಅನುಮತಿಯಿಲ್ಲದೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಕೆಲವು ಕಾರ್ಯಕ್ರಮ ಪ್ರಸಾರ ಮಾಡಿ, ಇದೇನು ಬ್ರಹ್ಮವಿದ್ಯೆಯಲ್ಲ ಎಂದು ತೋರಿಸಿದ್ದರು. ಮಂತ್ರಿ ಮೈಕಲ್ ಡಿ. ಹಿಗ್ಗಿನ್ಸ್ ಕಾಲದಲ್ಲಿ, 1996ರ ಅಕ್ಟೋಬರ್ 31ರಂದು ತೆಲಿಫೀಶ್ ನ ಗೇಲ್ಗ ಎಂಬ ಐರಿಷ್ ವಾಹಿನಿ ಆರಂಭವಾಯಿತು. ಕಚೇರಿ ಡಬ್ಲಿನ್‌ನಲ್ಲಲ್ಲ, ಐರಿಷ್ ಮಾತಾಡುವ ಕೊನೆಮಾರಾದ ಹಳ್ಳಿಯಲ್ಲಿ. ವೇಲ್ಸ್‌ನ ಮಾದರಿಯಂತೆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇ ದಿನಕ್ಕೆ ಒಂದು ಗಂಟೆ, ಅಂದರೆ ವರ್ಷಕ್ಕೆ 365 ಗಂಟೆ ಪುಕ್ಕಟೆ ಕೊಡಬೇಕು.

ಆರಂಭದಲ್ಲಿ ಎಡವಿದ್ದು ತೀರ ಸಾಮಾನ್ಯ ಕಾರಣಕ್ಕೆ. ಹೊಸ ವಾಹಿನಿ ಯುಎಚ್‌ಎಫ್ ತರಂಗದಲ್ಲಿತ್ತು. ಬಹಳ ಮನೆಗಳ ಹಳೆಯ ಆಂಟೆನಾ ಅದನ್ನು ಹಿಡಿಯುತ್ತಿರಲಿಲ್ಲ. ನೋಡಬೇಕಾದರೆ ಹೊಸ ಆಂಟೆನಾ ಹಾಕಿಸಬೇಕು. ಭಾಷೆಯ ಮೇಲೆ ಪ್ರೀತಿ ಇದ್ದವರೆಲ್ಲ ಅದಕ್ಕಾಗಿ ಕೆಲಸದವರನ್ನು ಕರೆಸುವುದಿಲ್ಲ. 1999ರಲ್ಲಿ ಹೆಸರನ್ನು ಟಿಜಿ4 ಎಂದು ಬದಲಿಸಿದ್ದು ಬರೀ ಅಲಂಕಾರಕ್ಕಲ್ಲ: ಪತ್ರಿಕೆಯ ಪಟ್ಟಿಯಲ್ಲಿ, ಮನೆಯ ಟಿವಿಯಲ್ಲಿ ಇದನ್ನು ನಾಲ್ಕನೇ ಜಾಗದಲ್ಲಿಡಿ ಎಂದು ಹೆಸರೇ ಹೇಳುವಂತಾಯಿತು. 2007ರ ಏಪ್ರಿಲಿನಲ್ಲಿ ಅದು ಆರ್‌ಟಿಇಯಿಂದ ಬೇರೆಯಾಗಿ ಸ್ವತಂತ್ರ ಸಂಸ್ಥೆಯಾಯಿತು.

ಟಿಜಿ4 ಕಂಡುಕೊಂಡ ಇನ್ನೊಂದು ದಾರಿ ಕ್ರೀಡೆ. ದೊಡ್ಡ ವಾಹಿನಿಗಳು ಕೇಳದ ಪಂದ್ಯಗಳು, ಕ್ಲಬ್ ಮಟ್ಟದ ಗೇಲಿಕ್ ಫುಟ್‌ಬಾಲ್, ಹರ್ಲಿಂಗ್, ಮಹಿಳೆಯರ ಫುಟ್‌ಬಾಲ್. ಚೆಂಡು ಎಲ್ಲಿದೆ ಎಂದು ತಿಳಿಯಲು ಐರಿಷ್ ಬರಬೇಕಾಗಿಲ್ಲ. ವೀಕ್ಷಕ ವಿವರಣೆ ಮಾತ್ರ ಐರಿಷ್‌ನಲ್ಲಿ. ಹಕ್ಕಿನ ಬೆಲೆಯೂ ಕಡಿಮೆ, ಪ್ರೇಕ್ಷಕರೂ ಭಾಷೆಯ ಬೇಲಿ ದಾಟಿ ಬರುತ್ತಾರೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ವಾಹಿನಿ ಬಿಬಿಸಿ ಆಲಪಾ ಕೂಡ ಇದೇ ಹಾದಿ ಹಿಡಿಯಿತು.

ಸ್ಕಾಟ್ಲೆಂಡಿನಲ್ಲಿ ಮೊದಲು ಹಣ ಬಂತು, ವಾಹಿನಿ ಬರಲಿಲ್ಲ. 1990ರ ಕಾಯ್ದೆ ಗೇಲಿಕ್ ಟಿವಿ ನಿಧಿಯೊಂದನ್ನು ಸ್ಥಾಪಿಸಿ, ವರ್ಷಕ್ಕೆ 200 ಗಂಟೆವರೆಗೆ ಹೆಚ್ಚುವರಿ ಕಾರ್ಯಕ್ರಮದ ಗುರಿ ಇಟ್ಟಿತು. ಕಾರ್ಯಕ್ರಮ ತಯಾರಾಯಿತು. ಆದರೆ ನಿಧಿಯ ಸಮಿತಿ ದುಡ್ಡು ಕೊಡಬಲ್ಲದೇ ಹೊರತು, ಇಷ್ಟು ಗಂಟೆಗೆ ಹಾಕಿ ಎಂದು ಪ್ರಸಾರಕರಿಗೆ ಅಪ್ಪಣೆ ಮಾಡುವಂತಿರಲಿಲ್ಲ. ಮತ್ತೆ ಅದೇ ಹಾಡು: ನೋಡುಗರಿಲ್ಲದ ಹೊತ್ತು. ಬೇರೆ ವಾಹಿನಿಯಾಗಿ ಬಿಬಿಸಿ ಆಲಪಾ ಬಂದದ್ದು 2008ರ ಸೆಪ್ಟೆಂಬರಿನಲ್ಲಿ, ಅದೂ ಮೊದಲಿಗೆ ಉಪಗ್ರಹದಲ್ಲಿ. ಸಾಮಾನ್ಯ ಆಂಟೆನಾದಲ್ಲಿ ಸಿಗುವ ಫ್ರೀವ್ಯೂಗೆ ಬರಲು 2011ರ ಜೂನ್ ಆಯಿತು. ಅಲ್ಲಿ ಜಾಗ ಇರಲಿಲ್ಲ. ಇರುವ ಬಿಟ್‌ಗಳಲ್ಲೇ ಹೊಂದಿಸಲು, ಆಲಪಾ ಪ್ರಸಾರವಾಗುವ ಸಂಜೆಯ ಹೊತ್ತಿನಲ್ಲಿ ಬಿಬಿಸಿ ರೇಡಿಯೋ ಕೇಂದ್ರಗಳನ್ನು ಸ್ಕಾಟ್ಲೆಂಡಿನ ಫ್ರೀವ್ಯೂನಿಂದ ತೆಗೆದರು. ಟಿವಿಯಲ್ಲಿ ರೇಡಿಯೋ ಕೇಳುತ್ತಿದ್ದವರು ಕೂಗಾಡಿದರು. ತರಂಗ ಎನ್ನುವುದು ಕೆರೆಯ ನೀರಿನಂತೆ, ಒಂದು ತೂಬು ಎತ್ತಿದರೆ ಇನ್ನೊಂದು ಗದ್ದೆಗೆ ಕಡಿಮೆ. ಯಾರಿಗೆ ಕಡಿಮೆ ಮಾಡುತ್ತೇವೆ ಎಂದು ಮೊದಲೇ ಹೇಳದ ನೀತಿ ಆ ಜಗಳವನ್ನು ಭಾಷೆಯ ತಲೆಗೆ ಕಟ್ಟುತ್ತದೆ.

ಪರದೆಯ ಮೇಲಿನ ಜಗಳಗಳು

ಉಪಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಅನಲಾಗ್ ಕಾಲದ ಎಸ್4ಸಿಯಲ್ಲಿ, ಪರದೆಯ ಮೇಲೆ ಅಕ್ಷರ ತೋರಿಸುತ್ತಿದ್ದ ಟೆಲಿಟೆಕ್ಸ್ಟ್ ಸೇವೆಯ ಪುಟ 888ಕ್ಕೆ ಹೋದರೆ ಇಂಗ್ಲಿಷ್, 889ಕ್ಕೆ ಹೋದರೆ ಕಲಿಯುವವರಿಗಾಗಿ ಸರಳ ವೆಲ್ಷ್ ಬರುತ್ತಿತ್ತು. ಬೇಕಾದವರು ಹಾಕಿಕೊಳ್ಳಬಹುದಿತ್ತು, ಬೇಡದವರಿಗೆ ಕಾಣುತ್ತಿರಲಿಲ್ಲ. ಬಿಬಿಸಿ ಆಲಪಾದಲ್ಲಿ ಹೆಚ್ಚಿನ ಕಾರ್ಯಕ್ರಮಗಳ ಮೇಲೆ ಇಂಗ್ಲಿಷ್ ಅಚ್ಚಾಗಿಯೇ ಬರುತ್ತದೆ, ತೆಗೆಯಲಾಗುವುದಿಲ್ಲ. ಹೊರಗಿನ ಪ್ರೇಕ್ಷಕರನ್ನು ಇದು ತರುತ್ತದೆ, ನಿಜ. ಆದರೆ ಗೇಲಿಕ್ ಬರುವವನ ಕಣ್ಣು ಕೂಡ ಇಂಗ್ಲಿಷ್ ಸಾಲಿಗೇ ಹೋಗುತ್ತದೆ, ಕಲಿಯುವ ಮಗು ಕೇಳಿಸಿಕೊಳ್ಳುವ ಕಷ್ಟವನ್ನೇ ಪಡುವುದಿಲ್ಲ. ತಂತ್ರಜ್ಞಾನ ಎರಡಕ್ಕೂ ಅವಕಾಶ ಕೊಡುವಾಗ ಅಚ್ಚು ಹಾಕುವುದು ಸೋಮಾರಿತನ ಎಂಬುದು ನನ್ನ ಅಭಿಪ್ರಾಯ.

ಮಕ್ಕಳ ಕಾರ್ಟೂನುಗಳನ್ನು ಹೊರಗಿನಿಂದ ಕೊಂಡು ವೆಲ್ಷ್‌ಗೆ ಡಬ್ ಮಾಡುವುದು ಎಸ್4ಸಿಯಲ್ಲಿ ಮಾಮೂಲಿ ಕೆಲಸ. ಡಬ್ಬಿಂಗ್ ಬೇಕೇ ಬೇಡವೇ ಎಂದು ದಶಕಗಳ ಕಾಲ ಕಾದಾಡಿದ ಕನ್ನಡದವರಿಗೆ ಇದು ಸೋಜಿಗವೆನಿಸಬಹುದು. ಅಲ್ಲಿ ಅದನ್ನು ಯಾರೂ ಭಾಷೆಗೆ ಬಂದ ಕುತ್ತು ಎನ್ನಲಿಲ್ಲ, ಮೂರು ವರ್ಷದ ಮಗುವಿಗೆ ದಿನಕ್ಕೆ ಕೆಲವು ಗಂಟೆ ತನ್ನ ಭಾಷೆ ಸಿಗಲು ಇರುವ ಅಗ್ಗದ ದಾರಿ ಎಂದರು. ದುಬಾರಿ ದಾರಿಯೂ ಇದೆ. 2013ರಿಂದ ಬಂದ 'ಅ ಗುಯ್ತ್' ಪತ್ತೇದಾರಿ ಸರಣಿಯಲ್ಲಿ ಒಂದೇ ದೃಶ್ಯವನ್ನು ಮೊದಲು ಒಂದು ಭಾಷೆಯಲ್ಲಿ, ಕೂಡಲೇ ಇನ್ನೊಂದರಲ್ಲಿ ಚಿತ್ರಿಸಿದರು. ಇಂಗ್ಲಿಷ್ ಆವೃತ್ತಿಯನ್ನು ಬಿಬಿಸಿಗೂ ಹೊರದೇಶಗಳಿಗೂ ಮಾರಿ ಖರ್ಚು ಹಂಚಿಕೊಂಡರು. ದಿನಕ್ಕೆ ಮುಗಿಯುವ ಚಿತ್ರಕಥೆಯ ಪುಟಗಳು ಕಡಿಮೆಯಾಗುತ್ತವೆ, ಎರಡು ಭಾಷೆಯೂ ಬರುವ ನಟರೇ ಬೇಕು.

ಇಷ್ಟೆಲ್ಲ ಮಾಡಿ ಭಾಷೆ ಉಳಿಯಿತೇ? 1981ರಲ್ಲಿ ವೇಲ್ಸ್‌ನಲ್ಲಿ ವೆಲ್ಷ್ ಬರುತ್ತಿದ್ದವರು ಸುಮಾರು 19%. 1991ರಲ್ಲಿ 18.7, 2001ರಲ್ಲಿ 20.8, 2011ರಲ್ಲಿ 19.0, 2021ರಲ್ಲಿ 17.8. ವಾಹಿನಿ ಭಾಷೆಯನ್ನು ಬೆಳೆಸಿತು ಎಂದು ಈ ಅಂಕಿಗಳಿಂದ ಹೇಳಲಾಗದು. ಇಪ್ಪತ್ತನೇ ಶತಮಾನದುದ್ದಕ್ಕೂ ಇಳಿಯುತ್ತಲೇ ಬಂದಿದ್ದ ಗೆರೆ 1980ರ ನಂತರ ಬಹುಮಟ್ಟಿಗೆ ಅಡ್ಡಕ್ಕೆ ಮಲಗಿದ್ದು ನಿಜ. ಅದರಲ್ಲಿ ಶಾಲೆಗಳ ಪಾಲು ಟಿವಿಗಿಂತ ದೊಡ್ಡದು.

ಈಗಿನ ತಕರಾರು ನಂಬರಿನದಲ್ಲ. ಸ್ಮಾರ್ಟ್ ಟಿವಿ ಹಾಕಿದರೆ ಮೊದಲು ಕಾಣುವುದು ಆ್ಯಪ್‌ಗಳ ಸಾಲು. ಯಾವುದು ಮೊದಲು ಎನ್ನುವುದನ್ನು ಟಿವಿ ತಯಾರಕರು ನಿರ್ಧರಿಸುತ್ತಾರೆ. ನಾಲ್ಕನೇ ಜಾಗವನ್ನು ಕಾನೂನಿನಿಂದ ಪಡೆದ ವಾಹಿನಿಗೆ ಆ ಜಾಗವೇ ಇಲ್ಲದಂತಾಯಿತು. ಬ್ರಿಟನ್ನಿನ 2024ರ ಮಾಧ್ಯಮ ಕಾಯ್ದೆ, ಗೊತ್ತುಪಡಿಸಿದ ಸಾರ್ವಜನಿಕ ಪ್ರಸಾರಕರ ಆ್ಯಪ್‌ಗಳನ್ನು ಟಿವಿ ವೇದಿಕೆಗಳು ಕೊಡಲೇಬೇಕು, ಎದ್ದು ಕಾಣುವಂತೆ ಇಡಬೇಕು ಎಂದು ಹೇಳಿ, ನಿಯಮ ರೂಪಿಸುವ ಕೆಲಸವನ್ನು ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ ವಹಿಸಿದೆ.

ನಮ್ಮಲ್ಲಿ ಲೆಕ್ಕ ಹೇಗೆ ಬೀಳುತ್ತದೆ

ಕರ್ನಾಟಕದಲ್ಲಿ ವೆಲ್ಷ್‌ನ ಜಾಗದಲ್ಲಿರುವುದು ಕನ್ನಡವಲ್ಲ; ತುಳು, ಕೊಡವ, ಬ್ಯಾರಿ, ಕೊಂಕಣಿ. 2011ರ ಜನಗಣತಿಯಲ್ಲಿ ತುಳು ಮಾತೃಭಾಷಿಕರು 18.46 ಲಕ್ಷ. 2021ರಲ್ಲಿ ವೆಲ್ಷ್ ಬಲ್ಲವರು 5.38 ಲಕ್ಷ. ಅಂದರೆ ಮೂರು ಪಟ್ಟಿಗೂ ಹೆಚ್ಚು ತುಳುವರು. 2011ರಲ್ಲೇ ಕೊಡವ ಮಾತಾಡುವವರು 1.13 ಲಕ್ಷ, ಅದೇ ವರ್ಷ ಸ್ಕಾಟಿಷ್ ಗೇಲಿಕ್ ಮಾತಾಡುತ್ತಿದ್ದವರ ಎರಡು ಪಟ್ಟಿನ ಹತ್ತಿರ. ಜನಸಂಖ್ಯೆ ಸಾಲದು ಎಂಬ ಮಾತು ನಿಲ್ಲುವುದಿಲ್ಲ.

ಭಾರತದ ನಿಯಮಗಳು ತುಳು ವಾಹಿನಿಯನ್ನು ತಡೆಯುವುದಿಲ್ಲ. ಸುದ್ದಿಯೇತರ ವಾಹಿನಿಯೊಂದನ್ನು ಉಪಗ್ರಹಕ್ಕೆ ಏರಿಸಲು ಕಂಪನಿಗೆ 5 ಕೋಟಿ ರೂಪಾಯಿ ನಿವ್ವಳ ಮೌಲ್ಯ ಇರಬೇಕು, ಸುದ್ದಿಯಾದರೆ 20 ಕೋಟಿ. 2022ರ ಮಾರ್ಗಸೂಚಿಯ ನಂತರ ಪ್ರಸಾರದ ಭಾಷೆ ಬದಲಿಸಲು ಅನುಮತಿ ಬೇಕಿಲ್ಲ, ಮೊದಲೇ ತಿಳಿಸಿದರೆ ಸಾಕು. ತಡೆಯಿಲ್ಲ, ಸರಿ. ಆದರೆ 52 ಕೋಟಿ ಮಾತೃಭಾಷಿಕರಿರುವ ಹಿಂದಿಗೂ 5 ಕೋಟಿ, ಒಂದು ಲಕ್ಷದ ಕೊಡವಕ್ಕೂ 5 ಕೋಟಿ. ಮಂಗಳೂರಿನ ತುಳು, ಕೊಂಕಣಿ ಕಾರ್ಯಕ್ರಮಗಳು ಸ್ಥಳೀಯ ಕೇಬಲ್ ವಾಹಿನಿಗಳಲ್ಲೇ ಬೆಳೆದದ್ದು ಆಕಸ್ಮಿಕವಲ್ಲ.

ಉಪಗ್ರಹಕ್ಕೆ ಏರಿದ ಮೇಲೂ, ವಾಹಿನಿಯನ್ನು ಮನೆಗಳಿಗೆ ತಲುಪಿಸಲು ಕೇಬಲ್‌ನವರು ಅದರಿಂದ ಪಡೆಯುವ ಸಾಗಣೆ ಶುಲ್ಕ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರಲ್ಲಿ ತಂದ ನಿಯಮದ ಮೂಲ ರೂಪದಲ್ಲಿ, ವಿತರಕರ ಗುರಿ ಮಾರುಕಟ್ಟೆಯಲ್ಲಿ 20% ಅಥವಾ ಹೆಚ್ಚು ಚಂದಾದಾರರು ವಾಹಿನಿಯನ್ನು ತೆಗೆದುಕೊಂಡಿದ್ದರೆ ಶುಲ್ಕ ಕೊಡಬೇಕಿರಲಿಲ್ಲ. 5%ಕ್ಕಿಂತ ಕಡಿಮೆಯಾದರೆ ಎಸ್‌ಡಿ (ಸಾಮಾನ್ಯ ಗುಣಮಟ್ಟದ) ವಾಹಿನಿಗೆ ಒಬ್ಬ ಚಂದಾದಾರರಿಗೆ ತಿಂಗಳಿಗೆ 20 ಪೈಸೆವರೆಗೆ, ಅದೂ ವಿತರಕರ ಎಲ್ಲ ಚಂದಾದಾರರ ಮೇಲೆ ಲೆಕ್ಕವಾಗುತ್ತಿತ್ತು. ಹತ್ತು ಲಕ್ಷ ಸಂಪರ್ಕದ ಒಬ್ಬ ವಿತರಕರಿಗೇ ತಿಂಗಳಿಗೆ 2 ಲಕ್ಷ. ಗುರಿ ಮಾರುಕಟ್ಟೆ ಇಡೀ ರಾಜ್ಯ ಎಂದಿಟ್ಟುಕೊಂಡರೆ, ಕರ್ನಾಟಕದ 6.11 ಕೋಟಿ ಜನರಲ್ಲಿ ತುಳುವರೆಲ್ಲ ಚಂದಾ ಕೊಟ್ಟರೂ 5% ಮುಟ್ಟುವುದಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯನ್ನೇ ಮಾರುಕಟ್ಟೆ ಎಂದರೆ ಅದೇ ವಾಹಿನಿ 20% ದಾಟುವುದು ಅಸಾಧ್ಯವೇನಲ್ಲ. ತುಳು ಪ್ರಸಾರಕ್ಕಾಗಿ ಮನವಿ ಬರೆಯುವವರು ಕೇಳಬೇಕಾದ ಮೊದಲ ತಿದ್ದುಪಡಿ ಈ ಗಡಿಗೆರೆಯದು.

ಎರಡನೆಯದು ದೂರದರ್ಶನದ್ದು. ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಮು ದೇಶದ ಪ್ರದೇಶಗಳ ವೈವಿಧ್ಯಮಯ ಸಂಸ್ಕೃತಿ, ಭಾಷೆಗಳಿಗೆ ಸಾಕಷ್ಟು ಪ್ರಸಾರ ಒದಗಿಸಬೇಕು ಎನ್ನುತ್ತದೆ. ಗಂಟೆಯ ಲೆಕ್ಕವಿಲ್ಲ, ಹೊತ್ತಿನ ಮಾತಿಲ್ಲ. ಆದರೆ ಕೇಬಲ್ ಕಾಯ್ದೆಯ 8ನೇ ಕಲಮಿನಲ್ಲಿ ಬಲವಾದ ಹಿಡಿಕೆಯೊಂದಿದೆ: ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ದೂರದರ್ಶನ ವಾಹಿನಿಗಳನ್ನು ಕೇಬಲ್‌ನವರು ತೋರಿಸಲೇಬೇಕು. ತುಳು, ಕೊಂಕಣಿ, ಕೊಡವ, ಬ್ಯಾರಿಗಳನ್ನು ಒಟ್ಟು ಸೇರಿಸಿ ಕರಾವಳಿ ಮತ್ತು ಕೊಡಗಿಗೆ ಒಂದು ದೂರದರ್ಶನ ವಾಹಿನಿ ಮಾಡಿ ಅದರ ಹೆಸರನ್ನು ಆ ಅಧಿಸೂಚನೆಗೆ ಸೇರಿಸಿದರೆ ಸಾಗಣೆಯ ಪ್ರಶ್ನೆ ಅಲ್ಲಿಗೇ ಬಗೆಹರಿಯುತ್ತದೆ. ಉಳಿಯುವುದು ವಾರಕ್ಕೆ ಎಷ್ಟು ಗಂಟೆ, ಯಾವ ಭಾಷೆಗೆ ಸಂಜೆಯ ಎಷ್ಟು ಹೊತ್ತು, ಮಂಗಳೂರು, ಮಡಿಕೇರಿಯ ನಿರ್ಮಾಪಕರಿಗೆ ಗಂಟೆಗೆ ಎಷ್ಟು ದರ ಎಂಬ ಪ್ರಶ್ನೆಗಳು. ನಾಲ್ಕು ಭಾಷೆಗೆ ಸಮನಾಗಿ ಹಂಚಿದರೆ ದಿನಕ್ಕೆ ಒಂದೊಂದು ಗಂಟೆಯ ಹೊಸ ಕಾರ್ಯಕ್ರಮಕ್ಕೇ ವರ್ಷಕ್ಕೆ 1,460 ಗಂಟೆ ಬೇಕು, 1982ರ ಎಸ್4ಸಿಗಿಂತ ಹೆಚ್ಚು. ಆದ್ದರಿಂದ ಮೊದಲ ಮೂರು ವರ್ಷಕ್ಕೆ ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿ, ಸುದ್ದಿ ಮತ್ತು ಮಕ್ಕಳ ಕಾರ್ಯಕ್ರಮಕ್ಕೆ ಮೊದಲ ಹಣ ಇಟ್ಟು, ಯಕ್ಷಗಾನ, ಕಂಬಳ, ಕೊಡಗಿನ ಹಾಕಿ ಹಬ್ಬದ ನೇರಪ್ರಸಾರದಿಂದ ಉಳಿದ ಹೊತ್ತು ತುಂಬುವುದು ಲೆಕ್ಕಕ್ಕೆ ಕೂರುತ್ತದೆ.